ಮೊದಲು ಕತ್ತರಿ, ಆಮೇಲೆ ಗೊಬ್ಬರ

ನಮಸ್ಕಾರ. ಕೋಲಾರ, ಮಾಲೂರು, ಮುಳಬಾಗಿಲು ಕಡೆ ಬೆಳಗ್ಗೆ ಬುಟ್ಟಿ ಹಿಡಿದು ಪೂಜೆಗೆ ಹೂ ಬಿಡಿಸುವವರಿಗೆ ಈ ಮಾತು. ನಿಮ್ಮ ಮನೆ ದಾಸವಾಳ ಎಷ್ಟೆತ್ತರ ಇದೆ? ಹೂ ಕೀಳಲು ದೋಟಿ ಬೇಕಾ? ಹಾಗಾದರೆ ಆ ಗಿಡ ಕೇಳುತ್ತಿರುವುದು ಗೊಬ್ಬರವನ್ನಲ್ಲ, ಕತ್ತರಿಯನ್ನು.

ದಾಸವಾಳ ಹೂ ಬಿಡುವುದು ಹೊಸ ಕುಡಿಯಲ್ಲಿ. ನಮ್ಮ ಸಾದಾ ಕೆಂಪು ಹೂವಿಗೆ ಒಂದೇ ದಿನದ ಆಯಸ್ಸು, ಅಲ್ವಾ? ದಿನಾ ಹೂ ಬೇಕಾದರೆ ದಿನಾ ಹೊಸ ಮೊಗ್ಗು ಬೇಕು, ಮೊಗ್ಗಿಗೆ ಹೊಸ ಕುಡಿ ಬೇಕು. ತುದಿ ಕತ್ತರಿಸಿದರೆ ಅದರ ಕೆಳಗಿನ ಎರಡು ಮೂರು ಕಣ್ಣು ಒಡೆಯುತ್ತವೆ. ಒಂದು ಕೊಂಬೆ ಇದ್ದಲ್ಲಿ ಮೂರು. ಇಷ್ಟೇ ವಿಷಯ. ಆದರೆ ಹೇಳಿದಾಗಲೆಲ್ಲ "ದೇವರ ಹೂವಿನ ಗಿಡ, ಹೇಗೆ ಕಡಿಯೋದು" ಅಂತಾರೆ.

ನಮ್ಮ ಸೋದರತ್ತೆಯೂ ಅದನ್ನೇ ಹೇಳುತ್ತಿದ್ದರು. ಅವರದು ಮಾಲೂರಿನ ಹತ್ತಿರ ಹೆಂಚಿನ ಮನೆ. ಬಚ್ಚಲ ನೀರು ಹರಿಯುವಲ್ಲಿ ಒಂದು ದಾಸವಾಳ, ಸೂರು ದಾಟಿ ಬೆಳೆದಿತ್ತು. ಕೆಳಗೆಲ್ಲ ಬೋಳು ಕಾಂಡ, ಮೇಲೆ ತುದಿಯಲ್ಲಿ ನಾಲ್ಕು ಹೂ. ಒಂದು ವರ್ಷ ಶಿವರಾತ್ರಿ ಕಳೆದ ವಾರ ಹೆಂಚು ಬದಲಿಸಲು ಬಂದವರು, ಏಣಿ ಇಡಲು ಜಾಗ ಸಾಲದೆ, ಯಾರನ್ನೂ ಕೇಳದೆ ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದು ಹಾಕಿದರು. ಅತ್ತೆ ಕಡಿದ ಜಾಗಕ್ಕೆಲ್ಲ ಅರಿಶಿನ ಮೆತ್ತಿ ಕೂತರು, ಆ ರಾತ್ರಿ ಊಟ ಮಾಡಲಿಲ್ಲ. ಮೂರು ವಾರ ಬಿಟ್ಟು ನಾನು ಹೋದಾಗ ಬೂದು ತೊಗಟೆ ತುಂಬ ರಾಗಿ ಕಾಳಿನಷ್ಟು ಕಣ್ಣುಗಳು ಉಬ್ಬಿದ್ದವು. ಶ್ರೀನಿವಾಸಪುರದ ಮಾವು ಮಾರುಕಟ್ಟೆಗೆ ಬರುವ ಹೊತ್ತಿಗೆ ಸೊಂಟದೆತ್ತರದ ಪೊದೆ. ಅತ್ತೆ ನೆಲದ ಮೇಲೆ ನಿಂತೇ ಹೂ ಕಿತ್ತು, ಎಣಿಸಿ, ಇಪ್ಪತ್ಮೂರು ಅಂತ ಫೋನ್ ಮಾಡಿದರು! ಈಗ ವರ್ಷಾ ವರ್ಷ ಅವರೇ ಕತ್ತರಿಸುತ್ತಾರೆ.

ನೀವು ಮೊಣಕಾಲಿನ ತನಕ ಹೋಗುವುದು ಬೇಡ. ಶಿವರಾತ್ರಿಗೆ ಚಳಿ ಬಿಟ್ಟ ಮೇಲೆ ಮೂರರಲ್ಲಿ ಒಂದು ಭಾಗ ತೆಗೆಯಿರಿ. ಹೊರಗಡೆ ಮುಖ ಮಾಡಿದ ಕಣ್ಣಿನ ಮೇಲೆ, ಹರಿತವಾದ ಕತ್ತರಿಯಲ್ಲಿ, ಓರೆಯಾಗಿ. ಮುಂಗಾರು ಶುರುವಿನಲ್ಲಿ ತುದಿ ಮಾತ್ರ ಚಿವುಟಿ. ಗಣೇಶನ ಹಬ್ಬಕ್ಕೆ ಹೂ ಬೇಕಾದರೆ ಶ್ರಾವಣದಲ್ಲಿ ಕೈ ಹಾಕಬೇಡಿ. ಕತ್ತರಿಸಿದ ಗಿಡ ಮತ್ತೆ ಹೂವಿಗೆ ಬರಲು ಎರಡು ಮೂರು ತಿಂಗಳು ಬೇಕು.

ಇನ್ನು ನೀರು. ದಿನಾ ಒಂದು ಚೊಂಬು ಚಿಮುಕಿಸುವುದು ಸುಮ್ನೆ ದಂಡ. ನೆಲದ ಗಿಡಕ್ಕೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಪಾತಿ ತುಂಬ, ಬೇರಿಗೆ ಇಳಿಯುವ ಹಾಗೆ ಕೊಡಿ. ಒಂದು ವಾರ ಒಣಗಿಸಿ ಆಮೇಲೆ ಕೆರೆ ಮಾಡಿದರೆ ಮೊಗ್ಗು ಉದುರುತ್ತವೆ. ನಮ್ಮ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಅಂತ. ಅಂಥ ಗಿಡಕ್ಕೆ ಒಲೆ ಬೂದಿ ಹಾಕಲೇಬೇಡಿ, ಇನ್ನೂ ಹಾಳಾಗುತ್ತದೆ. ಮಳೆ ನೀರು ಹಿಡಿದು ಕೊಡಿ, ಕಾಂಪೋಸ್ಟ್ ಹಾಕಿ.

ಹಿಟ್ಟು ತಿಗಣೆ ಬಗ್ಗೆ ಜಾಸ್ತಿ ಹೇಳಲು ಸಮಯವಿಲ್ಲ. ಕುಡಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ ಆ ಕುಡಿ ಕತ್ತರಿಸಿ ಸೋಪಿನ ನೀರಿಗೆ ಹಾಕಿ. ನೋಡಿ, ಇಲ್ಲೂ ಕತ್ತರಿಯೇ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಕಾಂಡ ಹತ್ತುವ ಇರುವೆ ತಡೆಯಿರಿ, ತಿಗಣೆಯನ್ನು ಕಾಯುವುದೇ ಅವು.

ಮುಂಗಾರಿನಲ್ಲಿ ಚಿವುಟುವಾಗ ಪೆನ್ಸಿಲ್ ದಪ್ಪದ ಕಡ್ಡಿ ಸಿಕ್ಕರೆ ಬಿಸಾಡಬೇಡಿ. ಗೇಣುದ್ದಕ್ಕೆ ತುಂಡು ಮಾಡಿ, ಕೆಳಗಿನ ಎಲೆ ತೆಗೆದು, ನೆರಳಲ್ಲಿ ಮರಳು ಮಣ್ಣಿಗೆ ಚುಚ್ಚಿ. ಬೇರು ಬಿಡಲು ಒಂದೆರಡು ತಿಂಗಳು ಬೇಕು, ಅಲ್ಲಿಯವರೆಗೆ ಕಿತ್ತು ಕಿತ್ತು ನೋಡಬೇಡಿ. ನಮಸ್ಕಾರ.