ಗೇಜು ಕಾಣದ ನೆರೆ

ಕೇಳುಗರೆಲ್ಲರಿಗೂ ನಮಸ್ಕಾರ. ನೆರೆಯ ಅಪಾಯದ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ನನ್ನದು ಒಂದೇ ಮಾತು: ಹಳೇ ನೆರೆಗಳನ್ನೂ ಲೆಕ್ಕಕ್ಕೆ ಸೇರಿಸಿ.

‘ನೂರು ವರ್ಷದ ನೆರೆ’ ಅಂತ ಕೇಳಿರುತ್ತೀರಿ. ಅದು ನೂರು ವರ್ಷಕ್ಕೊಮ್ಮೆ ಹೇಳಿ ಬರುವ ನೆರೆ ಅಲ್ಲ. ಪ್ರತಿ ವರ್ಷವೂ ಬರಬಹುದು, ನೂರರಲ್ಲಿ ಒಂದರಷ್ಟು ಸಾಧ್ಯತೆ. ಅದನ್ನು ಲೆಕ್ಕ ಹಾಕಲು ನದಿಯ ಅಳತೆಗಳ ಪಟ್ಟಿ ಬೇಕು. ಆ ಪಟ್ಟಿಗೆ ಬಹಳ ಕಡೆ ಐವತ್ತೋ ಎಪ್ಪತ್ತೋ ವರ್ಷ ವಯಸ್ಸು. ಅಷ್ಟನ್ನೇ ನೋಡಿ ನೂರು ವರ್ಷದ ಮಾತಾಡುತ್ತೇವೆ. ನಮ್ಮ ಧೈರ್ಯ ಮೆಚ್ಚಬೇಕು, ಅಲ್ವಾ?

ನಾನು ಎಲ್ಲಿ ಹೋದರೂ ಒಂದು ಕತೆ ಹೇಳುತ್ತೇನೆ. ಜರ್ಮನಿಯ ಪಶ್ಚಿಮ ಭಾಗದಲ್ಲಿ ಆರ್ ಅಂತ ಪುಟ್ಟ ನದಿಯಿದೆ, ಹೋಗಿ ರೈನ್ ನದಿಗೆ ಸೇರುತ್ತದೆ. ಆಲ್ಟೆನಾರ್ ಎಂಬಲ್ಲಿ ನೀರು ಅಳೆಯುವ ಗೇಜು. ಅದರ ಪಟ್ಟಿ ಶುರುವಾಗುವುದೇ 1946ರಿಂದ. ಅದನ್ನಿಟ್ಟುಕೊಂಡು ಅಲ್ಲಿನ ನೂರು ವರ್ಷದ ನೆರೆ ಅಂದರೆ ಸೆಕೆಂಡಿಗೆ 241 ಘನ ಮೀಟರ್ ನೀರು ಎಂದು ತೀರ್ಮಾನಿಸಿದ್ದರು. 2016ರಲ್ಲಿ ನೀರು 3.71 ಮೀಟರ್ ಮಟ್ಟಕ್ಕೆ ಏರಿದಾಗ ಆ ಗೇಜಿನಲ್ಲಿ ಅದೇ ದೊಡ್ಡ ದಾಖಲೆ.

ಆದರೆ ಕಣಿವೆಯ ಹಳೇ ಕಡತಗಳು ಬೇರೆಯೇ ಹೇಳುತ್ತಿದ್ದವು. 1804ರ ಜುಲೈ 21ರ ನೆರೆಯಲ್ಲಿ 63 ಜನ ಸತ್ತಿದ್ದರು. 18 ಗಿರಣಿಗಳು ಹೋದವು. ಸೇತುವೆಗಳು ಹೆಚ್ಚುಕಡಿಮೆ ಒಂದೂ ಉಳಿಯಲಿಲ್ಲ. 1910ರಲ್ಲಿ ಮತ್ತೊಂದು, ರೈಲು ದಾರಿ ಕಟ್ಟಲು ಬಂದಿದ್ದ ಕೂಲಿಗಳು ಅದಕ್ಕೆ ಬಲಿಯಾದರು. ಬಾನ್ ವಿಶ್ವವಿದ್ಯಾಲಯದ ಭೂಗೋಳ ತಜ್ಞರು ಇಂಥ ದಾಖಲೆಗಳನ್ನೇ ಹಿಡಿದು, 1804ರಲ್ಲಿ ಸೆಕೆಂಡಿಗೆ ಸಾವಿರ ಘನ ಮೀಟರಿಗಿಂತ ಜಾಸ್ತಿ ನೀರು ಹರಿದಿತ್ತು ಎಂದು ಲೆಕ್ಕ ಕಟ್ಟಿದರು. 2014ರಲ್ಲೇ ಪ್ರಕಟಿಸಿದರು. ನೂರು ವರ್ಷದ ಲೆಕ್ಕ ಮಾತ್ರ 241ರಲ್ಲೇ ಕೂತಿತ್ತು. 2021ರ ಜುಲೈ 14ರ ರಾತ್ರಿ ಗೇಜೇ ಕೊಚ್ಚಿಹೋಯಿತು. ಕಣಿವೆಯಲ್ಲಿ 130ಕ್ಕೂ ಹೆಚ್ಚು ಜನ ಸತ್ತರು. ‘ಹಿಂದೆಂದೂ ಕಾಣದ ನೆರೆ’ ಅಂದರು. ಯಾರು ಕಾಣದ್ದು? ಗೇಜು ಕಾಣದ್ದು, ಅಷ್ಟೇ.

ಕತೆಯಲ್ಲೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹಳೇ ನೆರೆ ಎಲ್ಲಿ ಸಿಗುತ್ತದೆ? ಚರ್ಚಿನ ಪುಸ್ತಕದಲ್ಲಿ, ಸೇತುವೆ ರಿಪೇರಿಯ ಖರ್ಚಿನಲ್ಲಿ, ನೀರು ಎಲ್ಲಿವರೆಗೆ ಬಂತೆಂದು ಗೋಡೆ ಮೇಲೆ ಕೆತ್ತಿದ ಗೆರೆಯಲ್ಲಿ. ಗೋಡೆ ಹೊಸದಾಗಿ ಕಟ್ಟಿದಾಗ ಗೆರೆ ಇರುವ ಕಲ್ಲನ್ನು ಕೆಲವು ಕಡೆ ಸುಮ್ನೆ ಮೇಲೋ ಕೆಳಗೋ ಇಟ್ಟಿರುತ್ತಾರೆ, ನೋಡಿಕೊಳ್ಳಿ. ಎರಡು ದೊಡ್ಡ ನೆರೆಗಳ ನಡುವೆ ಅಂಥದ್ದು ಬರಲೇ ಇಲ್ಲ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನೂರು ವರ್ಷದ ಮೌನವನ್ನೂ ಸಾಧ್ಯತೆ ಲೆಕ್ಕ ಹಾಕುವ ಸೂತ್ರದಲ್ಲಿ ಹಾಕಬಹುದು.

ಇನ್ನು ನೆರೆ ಬಂದಾಗ ನೀವೇ ಬರೆದಿಡುವುದಾದರೆ ದಿನಾಂಕ ಬರೆಯಿರಿ. ನೀರು ಯಾವ ಮೆಟ್ಟಿಲು ಮುಟ್ಟಿತು ಎಂದು ಬರೆಯಿರಿ. ‘ಭಾರೀ ನೆರೆ’ ಅಂತ ಮಾತ್ರ ಬರೆಯಬೇಡಿ, ದಯವಿಟ್ಟು. ನಮಸ್ಕಾರ.