ಬರ್ಲಿನ್‌ನ 387.5: ಖದ್ರ್ ಅಲ್ ತೂನಿ ಎತ್ತಿದ ಭಾರದ ಲೆಕ್ಕ

ಎಲ್ಲರಿಗೂ ನಮಸ್ಕಾರ.

1936ರ ಆಗಸ್ಟ್ ತಿಂಗಳು, ಬರ್ಲಿನ್ ಒಲಿಂಪಿಕ್ಸ್. ದೇಹತೂಕ 75 ಕೆಜಿವರೆಗಿನವರ ವೇಟ್‌ಲಿಫ್ಟಿಂಗ್ ವಿಭಾಗದಲ್ಲಿ ಇಪ್ಪತ್ತರ ಆಸುಪಾಸಿನ ಈಜಿಪ್ಟ್ ಯುವಕ ಖದ್ರ್ ಅಲ್ ತೂನಿ ಒಟ್ಟು 387.5 ಕೆಜಿ ಎತ್ತಿ ಚಿನ್ನ ಗೆದ್ದರು. ಬೆಳ್ಳಿ ಪಡೆದ ಜರ್ಮನಿಯ ರುಡಾಲ್ಫ್ ಇಸ್ಮಾಯರ್ ಎತ್ತಿದ್ದು 352.5. ಅಂತರ 35 ಕೆಜಿ. ಇಸ್ಮಾಯರ್ ಸಾಧಾರಣ ಎದುರಾಳಿಯಲ್ಲ. ಅವರು 1932ರ ಲಾಸ್ ಏಂಜಲೀಸ್ ಚಾಂಪಿಯನ್, ಬರ್ಲಿನ್‌ನಲ್ಲಿ ಎಲ್ಲ ಕ್ರೀಡಾಪಟುಗಳ ಪರವಾಗಿ ಪ್ರತಿಜ್ಞೆ ಸ್ವೀಕರಿಸಿದವರು. ಎರಡೂವರೆ ಕೆಜಿಯಲ್ಲಿ ಪದಕದ ಬಣ್ಣ ಬದಲಾಗುವ ಈ ಆಟದಲ್ಲಿ ಅಂಥವರ ಮೇಲೆ 35 ಕೆಜಿ ಅಂತರ ಹೇಗೆ ಬಂತು? ಉತ್ತರ ಸಿಗಬೇಕಾದರೆ ಮೊತ್ತವನ್ನು ಬಿಡಿಸಿ ನೋಡಬೇಕು.

ಆಗ ಸ್ಪರ್ಧೆಯಲ್ಲಿ ಮೂರು ಎತ್ತುಗಳಿದ್ದವು, ಅಂದರೆ ಭಾರ ಎತ್ತುವ ಮೂರು ಬಗೆ: ಪ್ರೆಸ್, ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್. ಕೊನೆಯದರಲ್ಲಿ ಭಾರವನ್ನು ಮೊದಲು ಭುಜಕ್ಕೆ ತಂದು, ಆಮೇಲೆ ಕಾಲಿನ ಬಲವೂ ಸೇರಿಸಿ ತಲೆಯ ಮೇಲಕ್ಕೆ ಚಿಮ್ಮಿಸಬೇಕು. ಒಂದೊಂದಕ್ಕೂ ಮೂರು ಅವಕಾಶ. ಪ್ರತಿಯೊಂದರಲ್ಲೂ ಎತ್ತಿದ ಅತಿ ಹೆಚ್ಚಿನ ಭಾರವನ್ನು ಕೂಡಿದರೆ ಮೊತ್ತ. ತೂನಿಯವರದು 117.5, 120, 150. ಇಸ್ಮಾಯರ್ ಅವರದು 107.5, 102.5, 142.5. ಕಳೆದು ನೋಡಿ: ಪ್ರೆಸ್‌ನಲ್ಲಿ 10, ಸ್ನ್ಯಾಚ್‌ನಲ್ಲಿ 17.5, ಜರ್ಕ್‌ನಲ್ಲಿ 7.5. ಅಂತರದ ಸರಿ ಅರ್ಧ ಸ್ನ್ಯಾಚ್ ಒಂದರಿಂದಲೇ ಬಂದಿದೆ.

ಆದ್ದರಿಂದ ಸ್ನ್ಯಾಚ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೆಲದ ಮೇಲಿನ ಬಾರನ್ನು, ಅಂದರೆ ಎರಡೂ ತುದಿಗೆ ತೂಕ ಹಾಕಿದ ಸರಳನ್ನು, ಎಲ್ಲೂ ನಿಲ್ಲಿಸದೆ ಒಂದೇ ಎಳೆತದಲ್ಲಿ ತಲೆಯ ಮೇಲಕ್ಕೆ ಒಯ್ಯುವುದು ಸ್ನ್ಯಾಚ್. ಇವತ್ತಿನ ಪಟು ಬಾರನ್ನು ತೊಡೆಗೆ ಸವರಿಕೊಂಡೇ ಮೇಲೆ ತರುತ್ತಾನೆ, ಬಾಗಿದ ಸೊಂಟ ನೆಟ್ಟಗಾಗುವ ಹೊತ್ತಿಗೆ ಬಾರ್ ಮೈಗೆ ಅಂಟಿದಂತಿರುತ್ತದೆ. 1936ರಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಬಾರ್ ತೊಡೆಗೆ ತಾಗಿದರೆ ಆ ಎತ್ತು ಅಸಿಂಧು. ಈ ನಿಯಮ ಸಡಿಲವಾದದ್ದು 1960ರ ದಶಕದಲ್ಲಿ. ಹಾಗಾಗಿ ತೂನಿಯ ಕಾಲದವರು ಬಾರನ್ನು ಮೈಯಿಂದ ಒಂದಿಷ್ಟು ದೂರದಲ್ಲೇ ಎಳೆಯಬೇಕಿತ್ತು. ಬಾರ್ ಒಂದೆರಡು ಬೆರಳು ಮುಂದೆ ಹೋದರೂ ಸೊಂಟದ ಮೇಲಿನ ಹೊರೆ ಏರುತ್ತದೆ, ದೇಹ ಪಾದದ ತುದಿಗೆ ವಾಲುತ್ತದೆ. ಮೇಲೆ ಹೋದ ಬಾರ್ ಕೊನೆಗೆ ಮುಂದಕ್ಕೇ ಬೀಳುತ್ತದೆ.

ಬಾರಿನ ಕೆಳಗೆ ಹೋಗುವ ಕ್ರಮವೂ ಬೇರೆಯಿತ್ತು. ಈಗಿನಂತೆ ಪೂರ್ತಿ ಕುಕ್ಕರಗಾಲಲ್ಲಿ ಕೂರುವುದಕ್ಕಿಂತ, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಹಾಕುವ ಸ್ಪ್ಲಿಟ್ ಶೈಲಿಯೇ ಹೆಚ್ಚು ರೂಢಿ. ಹಿಂದಿನ ಕಾಲಿನ ಮಂಡಿ ನೆಲಕ್ಕೆ ಸೋಕಿದರೆ ಎತ್ತು ಕೆಟ್ಟಂತೆ. ಮುಂದಿನ ಹೆಜ್ಜೆ ಗಿಡ್ಡವಾದರೆ ಸೊಂಟ ಬಾರಿನ ಕೆಳಗೆ ಬರುವುದಿಲ್ಲ, ಉದ್ದವಾದರೆ ಮೇಲೇಳಲು ಆಗುವುದಿಲ್ಲ. ಸ್ಪ್ಲಿಟ್‌ನಲ್ಲಿ ಕುಕ್ಕರಗಾಲಿನಷ್ಟು ಕೆಳಗೆ ಹೋಗಲಾಗದು, ಅಂದರೆ ಬಾರನ್ನು ಇನ್ನೂ ಎತ್ತರಕ್ಕೆ ಎಳೆಯಲೇಬೇಕು. 75 ಕೆಜಿ ದೇಹದಿಂದ, ತೊಡೆಗೆ ತಾಗಿಸದೆ, 120 ಕೆಜಿ! ನನ್ನ ಮಟ್ಟಿಗೆ ಬರ್ಲಿನ್‌ನ ಸಾಧನೆಯ ತಿರುಳು ಇಲ್ಲಿದೆ, 150ರ ಜರ್ಕ್‌ನಲ್ಲಲ್ಲ.

ಪ್ರೆಸ್ ಈಗಿನವರಿಗೆ ಅಪರಿಚಿತ. 1972ರ ಮ್ಯೂನಿಕ್ ನಂತರ ಅದನ್ನು ಕೈಬಿಟ್ಟರು. ಬಾರನ್ನು ಭುಜಕ್ಕೆ ತಂದು ಅಲುಗದೆ ನಿಲ್ಲಬೇಕು. ತೀರ್ಪುಗಾರರ ಸನ್ನೆ ಸಿಕ್ಕ ಮೇಲೆ ಮಂಡಿ ಬಗ್ಗಿಸದೆ, ಕಾಲು ಕದಲಿಸದೆ, ಬರೀ ತೋಳು ಮತ್ತು ಭುಜದ ಬಲದಿಂದ ಮೇಲೆತ್ತಬೇಕು. ಆ ಕಾಯುವ ಗಳಿಗೆಯೇ ಹಲವರನ್ನು ಸೋಲಿಸುತ್ತಿತ್ತು, ಎದೆಯ ಮೇಲಿನ ಭಾರ ಉಸಿರನ್ನು ಹಿಂಡುತ್ತದೆ. ಬಾರ್ ಹಣೆಯ ಮಟ್ಟಕ್ಕೆ ಬಂದಾಗ ಸಿಕ್ಕಿಹಾಕಿಕೊಳ್ಳುತ್ತದೆ, ಆಗ ಬೆನ್ನು ಹಿಂದಕ್ಕೆ ಬಾಗುತ್ತದೆ. ಮುಂದಿನ ದಶಕಗಳಲ್ಲಿ ಈ ಬಾಗುವಿಕೆ ಮಿತಿಮೀರಿ, ಯಾವುದು ಸರಿ ಯಾವುದು ತಪ್ಪು ಎಂದು ತೀರ್ಪು ಕೊಡುವುದೇ ಕಷ್ಟವಾಯಿತು. ಪ್ರೆಸ್ ಹೋಗಲು ಅದೇ ಮುಖ್ಯ ಕಾರಣ.

117.5 ಕೆಜಿ ಕಣ್ಣಿಗೆ ಹೇಗೆ ಕಾಣುತ್ತದೆ ಗೊತ್ತೇ? ಇಂದಿನ ಸಲಕರಣೆಯಲ್ಲಿ ಹೇಳುವುದಾದರೆ ಪುರುಷರ ಬಾರ್ 20 ಕೆಜಿ, ಪ್ಲೇಟು ಜಾರದಂತೆ ಹಿಡಿಯುವ ಎರಡು ಕಾಲರ್ ಸೇರಿ 5. ಉಳಿದ 92.5 ಅನ್ನು ಎರಡು ಬದಿಗೆ ಹಂಚಿದರೆ ಒಂದೊಂದಕ್ಕೆ 46.25. ಅಂದರೆ ಒಂದು ಬದಿಗೆ 20ರ ಎರಡು ಪ್ಲೇಟು, 5ರ ಒಂದು, ಹೊರಗೆ 1.25ರ ಪುಟ್ಟ ಬಿಲ್ಲೆ. ಅಂಗೈಯಲ್ಲಿ ಹಿಡಿಯಬಹುದಾದ ಆ ಬಿಲ್ಲೆಗಳ ಒಂದು ಜೋಡಿ ಇಡೀ ಪದಕವನ್ನು ತೀರ್ಮಾನಿಸಬಲ್ಲದು.

ಇನ್ನೊಂದು ಹೋಲಿಕೆ ನೋಡಿ. ಅದೇ ಬರ್ಲಿನ್‌ನಲ್ಲಿ ಮೇಲಿನ ವಿಭಾಗದ, ಅಂದರೆ 82.5 ಕೆಜಿಯ ಚಿನ್ನ ಫ್ರಾನ್ಸಿನ ಲೂಯಿ ಓಸ್ತಾಂ ಅವರಿಗೆ: 110, 117.5, 145, ಒಟ್ಟು 372.5. ತೂನಿ ಮೂರೂ ಎತ್ತುಗಳಲ್ಲಿ ಅವರಿಗಿಂತ ಮೇಲಿದ್ದರು, ಮೊತ್ತದಲ್ಲಿ 15 ಕೆಜಿ. ಒಂದು ವಿಭಾಗ ಮೇಲಿನ ಚಾಂಪಿಯನ್‌ನನ್ನು ಹೀಗೆ ಪ್ರತಿ ಎತ್ತಿನಲ್ಲೂ ಮೀರಿಸುವುದು ಅಪರೂಪದಲ್ಲಿ ಅಪರೂಪ.

ತೂನಿ ಒಂಟಿ ಪ್ರತಿಭೆಯೂ ಅಲ್ಲ. 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಸಯ್ಯದ್ ನುಸೈರ್ ಈಜಿಪ್ಟಿಗೆ ವೇಟ್‌ಲಿಫ್ಟಿಂಗ್ ಚಿನ್ನ ತಂದಿದ್ದರು. ಬರ್ಲಿನ್‌ನಲ್ಲಿ ಈ ತಂಡ ಒಟ್ಟು ಐದು ಪದಕ ಗೆದ್ದಿತು. ಅದರಲ್ಲಿ ಒಂದು ಅನ್ವರ್ ಮಿಸ್ಬಾಹ್ ಅವರ ಚಿನ್ನ. ಅವರೂ ಆಸ್ಟ್ರಿಯಾದ ರಾಬರ್ಟ್ ಫೈನ್ ಅವರೂ ತಲಾ 342.5 ಎತ್ತಿ ಇಬ್ಬರೂ ಚಿನ್ನ ಪಡೆದರು.

ಆಮೇಲೆ ಯುದ್ಧ. 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಭುಜದ ಶಕ್ತಿ ಮಾಗುವ ವಯಸ್ಸಿನ ಪಟುವಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೆ ಬೇಕಿಲ್ಲ. ಹಾಗಿದ್ದೂ 1946ರಲ್ಲಿ ಪ್ಯಾರಿಸ್‌ನಲ್ಲಿ ಅವರು ವಿಶ್ವ ಚಾಂಪಿಯನ್ ಆದರು.

ನಂತರ ಬಂದದ್ದು 1948ರ ಲಂಡನ್. ಅಮೆರಿಕದ ಫ್ರಾಂಕ್ ಸ್ಪೆಲ್‌ಮನ್ 390, ಪೀಟರ್ ಜಾರ್ಜ್ 382.5. ಕೊರಿಯಾದ ಕಿಮ್ ಸುಂಗ್ ಜಿಪ್ 380, ತೂನಿಯೂ 380. ಮೊತ್ತ ಸಮವಾದರೆ ದೇಹತೂಕ ಕಡಿಮೆ ಇರುವವನೇ ಮುಂದೆ, ಆಗಿನ ನಿಯಮ ಅದು. ಕಿಮ್‌ಗೆ ಕಂಚು, ತೂನಿಗೆ ನಾಲ್ಕನೇ ಸ್ಥಾನ. ಈ ನಿಯಮ ಕಣದಲ್ಲಿ ಕೆಲಸ ಮಾಡುವ ರೀತಿ ತುಂಬ ಕಠಿಣ. ಹಗುರ ದೇಹದವನಿಗೆ ಎದುರಾಳಿಯನ್ನು ಸರಿಗಟ್ಟಿದರೆ ಸಾಕು, ಭಾರದ ದೇಹದವನು ಅದರ ಮೇಲೆ ಇನ್ನೂ 2.5 ಕೆಜಿ ಹಾಕಿಸಿಕೊಳ್ಳಲೇಬೇಕು, ಅದೂ ಎಂಟು ಎತ್ತುಗಳಿಂದ ಸೊಂಟ ಸೋತ ಮೇಲೆ. ಸ್ಪರ್ಧೆಗೆ ಮುಂಚೆ ತಕ್ಕಡಿ ಹೇಳಿದ ಅಂಕಿ ಕೊನೆಯ ಜರ್ಕ್‌ನವರೆಗೂ ಬೆನ್ನು ಬಿಡುವುದಿಲ್ಲ.

ಅದೇ ಲಂಡನ್‌ನಲ್ಲಿ 67.5 ಕೆಜಿ ವಿಭಾಗದ ಇಬ್ಬರು ಈಜಿಪ್ಟಿಯನ್ನರು, ಇಬ್ರಾಹಿಂ ಶಮ್ಸ್ ಮತ್ತು ಅತ್ತಿಯಾ ಹಮೂದ, ತಲಾ 360 ಎತ್ತಿದರು. ಹಗುರವಾಗಿದ್ದ ಶಮ್ಸ್‌ಗೆ ಚಿನ್ನ, ಹಮೂದಗೆ ಬೆಳ್ಳಿ. ಒಂದೇ ನಿಯಮ ಒಬ್ಬ ದೇಶಬಾಂಧವನಿಗೆ ಚಿನ್ನ ಕೊಟ್ಟಿತು, ಇನ್ನೊಬ್ಬನ ಕಂಚು ಕಿತ್ತುಕೊಂಡಿತು. 2017ರಿಂದ ಈ ಪದ್ಧತಿ ಇಲ್ಲ, ಈಗ ಆ ಮೊತ್ತವನ್ನು ಯಾರು ಮೊದಲು ಮುಟ್ಟಿದರೋ ಅವರು ಮುಂದೆ.

ಆದರೆ ಲಂಡನ್‌ನ ಸೋಲನ್ನು ತಕ್ಕಡಿಯ ತಲೆಗೆ ಕಟ್ಟುವುದು ಪೂರ್ತಿ ಸರಿಯಲ್ಲ. 12 ವರ್ಷ ಹಿಂದಿನ ತಮ್ಮದೇ 387.5 ಅನ್ನು ಅಂದು ಎತ್ತಿದ್ದರೆ ತೂನಿಗೆ ಬೆಳ್ಳಿ ಸಿಗುತ್ತಿತ್ತು. ಜಗತ್ತು ಯುದ್ಧ ದಾಟಿ ಬಂದ ಮೇಲೂ ಬರ್ಲಿನ್‌ನ ಆ ಮೊತ್ತವನ್ನು ಮೀರಿದವರು ಆ ದಿನ ಸ್ಪೆಲ್‌ಮನ್ ಒಬ್ಬರೇ, ಅದೂ ಕೇವಲ 2.5 ಕೆಜಿಯಿಂದ.

ನಾಲ್ಕನೇ ಸ್ಥಾನದಲ್ಲಿ ಅವರ ಕಥೆ ಮುಗಿಯಲಿಲ್ಲ. ಮರುವರ್ಷ, 1949ರಲ್ಲಿ, ಹೇಗ್‌ನಲ್ಲಿ ಮತ್ತೆ ವಿಶ್ವ ಚಾಂಪಿಯನ್. 1950ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಮ್ಮೆ. ಬರ್ಲಿನ್‌ನಿಂದ ಅಲ್ಲಿಗೆ 14 ವರ್ಷ, ಎಲ್ಲವೂ ಅದೇ 75 ಕೆಜಿ ವಿಭಾಗದಲ್ಲಿ. 1956ರಲ್ಲಿ ಮನೆಯಲ್ಲಿ ವಿದ್ಯುತ್ ಆಘಾತದಿಂದ ಅವರು ತೀರಿಕೊಂಡರು. ನಲವತ್ತರ ಆಸುಪಾಸು ಅವರಿಗೆ ಆಗ.