ಪುಟದ ಸಂಖ್ಯೆ ಬರೆಯುವುದನ್ನು ಮರೆಯಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಎಂದೋ ಓದಿದ ಒಂದು ಒಳ್ಳೆಯ ಸಾಲು ತಟ್ಟನೆ ನೆನಪಾಗುತ್ತದೆ. ಅದು ಯಾವ ಪುಸ್ತಕದ್ದು ಅನ್ನುವುದು ಮಾತ್ರ ಏನು ಮಾಡಿದರೂ ಹೊಳೆಯುವುದಿಲ್ಲ. ಓದುವ ಚಟ ಇರುವವರೆಲ್ಲ ಪಡುವ ಪಾಡು ಇದು, ಅಲ್ವಾ? ಓದಿದ ಪುಸ್ತಕಗಳ ಲೆಕ್ಕ, ಇಷ್ಟವಾದ ಸಾಲು ಇವನ್ನೆಲ್ಲ ಬರೆದಿಡಲು ಈಗ ಆ್ಯಪ್‌ಗಳಿವೆ. ಲೈಬ್ರರಿಥಿಂಗ್ ಶುರುವಾದದ್ದು 2005ರಲ್ಲಿ, ಗುಡ್‌ರೀಡ್ಸ್ 2007ರಲ್ಲಿ. ಗುಡ್‌ರೀಡ್ಸ್ ಅನ್ನು 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಆಮೇಲೆ ಬಂದದ್ದು ಸ್ಟೋರಿಗ್ರಾಫ್. ಅದನ್ನು ಕಟ್ಟಿದವರು ನಾದಿಯಾ ಒಡುನಾಯೊ.

ಪುಸ್ತಕ ಸೇರಿಸುವುದು ಸುಲಭ. ಹಿಂದಿನ ರಟ್ಟಿನ ಬಾರ್‌ಕೋಡಿಗೆ ಫೋನ್ ಹಿಡಿದರೆ ಸಾಕು, ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್, ಅದರಲ್ಲೇ ಇರುತ್ತದೆ. ಆದರೆ ಐಎಸ್‌ಬಿಎನ್ ಸಂಖ್ಯೆ ಅಂತರರಾಷ್ಟ್ರೀಯ ಪದ್ಧತಿಯಾದದ್ದೇ 1970ರಲ್ಲಿ. ಅದಕ್ಕಿಂತ ಹಳೆಯ ಪ್ರತಿಗಳ ವಿವರವನ್ನು ಹೆಸರು ಕೊಟ್ಟು ಹುಡುಕಬೇಕು, ಸಿಗದಿದ್ದರೆ ಕೈಯಾರೆ ತುಂಬಬೇಕು.

ಇವುಗಳಲ್ಲಿ ಜನರನ್ನು ಜಾಸ್ತಿ ಸೆಳೆಯುವುದು ಲೆಕ್ಕ. ಈ ವರ್ಷ ಇಷ್ಟು ಪುಸ್ತಕ ಓದುತ್ತೇನೆ ಎಂದು ಗುರಿ ಹಾಕಿಕೊಳ್ಳುತ್ತಾರೆ. ಡಿಸೆಂಬರ್ ಬಂತೆಂದರೆ ತೆಳ್ಳಗಿನ ಪುಸ್ತಕಗಳಿಗೆ ಅದೃಷ್ಟ ಖುಲಾಯಿಸುತ್ತದೆ! ನೂರು ಪುಟದ್ದೂ ಒಂದೇ, ಒಂಬೈನೂರು ಪುಟದ್ದೂ ಒಂದೇ ಅನ್ನುವ ಲೆಕ್ಕದಿಂದ ನಮ್ಮ ಓದಿನ ಬಗ್ಗೆ ಏನು ತಿಳಿಯುತ್ತದೋ ನನಗಂತೂ ಅರ್ಥವಾಗಿಲ್ಲ. ಸ್ಟೋರಿಗ್ರಾಫ್‌ನಲ್ಲಿ ಪುಟಗಳ ಲೆಕ್ಕದಲ್ಲೂ ಗುರಿ ಇಡಬಹುದು, ಅದು ಪರವಾಗಿಲ್ಲ. ಇನ್ನು ಪುಸ್ತಕಕ್ಕೆ ಅಂಕದ ಹಾಗೆ ಕೊಡುವ ನಕ್ಷತ್ರಗಳು. ಗುಡ್‌ರೀಡ್ಸ್ ಪ್ರಕಾರ ಎರಡು ನಕ್ಷತ್ರ ಎಂದರೆ 'ಪರವಾಗಿಲ್ಲ' ಎಂದು. ನೋಡುವವರು ಮಾತ್ರ ಅದನ್ನು ಬೈಗುಳ ಎಂದುಕೊಳ್ಳುತ್ತಾರೆ.

ನನಗೆ ಇವುಗಳಲ್ಲಿ ನಿಜವಾಗಿ ಬೆಲೆಯುಳ್ಳದ್ದು ಅನಿಸಿದ್ದು ಸಾಲುಗಳನ್ನು ಎತ್ತಿಡುವ ಸೌಕರ್ಯ. ಇದೇನೂ ಹೊಸ ಆಸೆಯಲ್ಲ. ತತ್ತ್ವಜ್ಞಾನಿ ಜಾನ್ ಲಾಕ್ 1686ರಲ್ಲೇ ಇದಕ್ಕೊಂದು ವಿಧಾನ ಪ್ರಕಟಿಸಿದ್ದ. ಎತ್ತಿ ಬರೆದುಕೊಂಡ ಸಾಲಿಗೆ ಒಂದು ವಿಷಯದ ಹೆಸರು ಕೊಡಬೇಕು. ಆ ಹೆಸರಿನ ಮೊದಲ ಅಕ್ಷರ, ಆಮೇಲೆ ಬರುವ ಮೊದಲ ಸ್ವರ, ಇವೆರಡನ್ನು ಹಿಡಿದು ಸೂಚಿ ಮಾಡಬೇಕು. ಬೇಕಾದಾಗ ಸಾಲು ಥಟ್ಟನೆ ಸಿಗುತ್ತದೆ. ಇವತ್ತಿನ ಟ್ಯಾಗ್ ಮಾಡುವುದೂ ಅದೇ ಕೆಲಸವನ್ನೇ.

ಆದರೆ ಲಾಕ್ ಸಾಲುಗಳನ್ನು ಎತ್ತಿ ಬರೆದದ್ದು ತನ್ನ ನೋಟ್‌ಬುಕ್ಕಿನಲ್ಲಿ, ತನಗಾಗಿ. ಆ್ಯಪ್‌ನಲ್ಲಿ ಹಾಕಿದ ಸಾಲು ಊರೆಲ್ಲ ಸುತ್ತುತ್ತದೆ. ತೊಂದರೆ ಶುರುವಾಗುವುದು ಇಲ್ಲೇ. 'ಪುಸ್ತಕವಿಲ್ಲದ ಕೋಣೆ ಆತ್ಮವಿಲ್ಲದ ದೇಹದಂತೆ' ಎಂಬ ಮಾತನ್ನು ನೀವೂ ಕೇಳಿರಬಹುದು. ಪ್ರಾಚೀನ ರೋಮಿನ ವಾಗ್ಮಿ ಸಿಸೆರೊ ಹೇಳಿದ್ದು ಎಂದು ಹಂಚುತ್ತಾರೆ. ನಮಗೆ ಸಿಕ್ಕಿರುವ ಅವನ ಬರಹಗಳಲ್ಲಿ ಆ ಮಾತು ಇಲ್ಲವೇ ಇಲ್ಲ. ಆದರೂ ಲೈಕುಗಳು ಏರುತ್ತಲೇ ಇವೆ. ಇನ್ನೊಂದು ತಮಾಷೆ ಇದೆ. ಕಾದಂಬರಿಯ ಖಳನಾಯಕ ಆಡಿದ ಮಾತು ಲೇಖಕರ ಉಪದೇಶವಾಗಿ ಓಡಾಡುತ್ತದೆ! ಸಾಲಿನ ಕೆಳಗೆ ಬರೀ ಹೆಸರು ಇದ್ದರೆ ಯಾರಿಗೆ ಹೇಗೆ ಗೊತ್ತಾಗಬೇಕು?

ಆದ್ದರಿಂದ ಪುಟದ ಸಂಖ್ಯೆ ಬರೆಯಿರಿ. ಯಾವ ಮುದ್ರಣ ಎಂಬುದನ್ನೂ ಬರೆಯಿರಿ, ಯಾಕೆಂದರೆ ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ. ಅನುವಾದವಾದರೆ ಅನುವಾದಕರ ಹೆಸರು ಬೇಕೇ ಬೇಕು, ನಿಮಗೆ ಹಿಡಿಸಿದ ಆ ವಾಕ್ಯ ಅವರದ್ದು. ಪುಟದ ಫೋಟೊ ತೆಗೆದು ಅಕ್ಷರ ಮಾಡಿಸಿಕೊಳ್ಳುವವರು ಒತ್ತಕ್ಷರಗಳನ್ನು ಒಮ್ಮೆ ನೋಡಿಕೊಳ್ಳಿ, ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.

ಇನ್ನೊಂದು ವಿಷಯ. ಆ್ಯಪ್‌ಗಳಿಗೂ ಆಯುಸ್ಸು ಇದೆ. ಶೆಲ್ಫಾರಿ ಎಂಬ ಇಂಥದ್ದೇ ತಾಣ 2006ರಲ್ಲಿ ಹುಟ್ಟಿತು. ಎರಡೇ ವರ್ಷದಲ್ಲಿ ಅಮೆಜಾನ್ ಕೈ ಸೇರಿತು, 2016ರಲ್ಲಿ ಮುಚ್ಚಿತು. ಗುಡ್‌ರೀಡ್ಸ್‌ನಿಂದ ನಿಮ್ಮ ಪಟ್ಟಿಯನ್ನು ಒಂದು ಫೈಲಾಗಿ ಇಳಿಸಿಕೊಳ್ಳಬಹುದು, ಸ್ಟೋರಿಗ್ರಾಫ್ ಅದನ್ನು ಹಾಗೇ ಒಳಗೆ ತೆಗೆದುಕೊಳ್ಳುತ್ತದೆ. ಆದರೆ ಆ ಫೈಲಿನಲ್ಲಿ ಬರುವುದು ಪುಸ್ತಕ, ನಕ್ಷತ್ರ, ವಿಮರ್ಶೆ ಇಂಥ ವಿವರಗಳು. ಇಷ್ಟಪಟ್ಟು ಕೂಡಿಟ್ಟ ಸಾಲುಗಳು ಬರುವುದಿಲ್ಲ. ಅವುಗಳ ಇನ್ನೊಂದು ಪ್ರತಿ ನಿಮ್ಮದೇ ನೋಟ್‌ಬುಕ್ಕಿನಲ್ಲೋ ಫೈಲಿನಲ್ಲೋ ಇರಲಿ.

ನಮಸ್ಕಾರ.